ಓಟಿಪಿ ಸಂತೆಗೆ ಹೋಗಿದೆ

ಮಂಡ್ಯದ ಸರ್ಕಾರಿ ಕಾಲೇಜೊಂದರಲ್ಲಿ ನಾನು ಲೈಬ್ರರಿಯನ್. ಪುಸ್ತಕ ಹುಡುಕಿಕೊಡುವುದು ನನ್ನ ಕೆಲಸ ಅಂತ ಮನೆಯವರು ನಂಬಿದ್ದಾರೆ. ಈಚೆಗೆ ನಾನು ಹುಡುಕುತ್ತಿರುವುದು ಮೇಷ್ಟ್ರುಗಳ ಪಾಸ್‌ವರ್ಡ್.

2025ರ ಜನವರಿ 1ರಿಂದ ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಶುರುವಾಯಿತಲ್ಲ, ಅಲ್ಲಿಂದ ಈ ಪಾಡು. 30 ಪ್ರಕಾಶಕರ ಸುಮಾರು 13,000 ಜರ್ನಲ್, ಅಂದರೆ ಸಂಶೋಧನಾ ಪತ್ರಿಕೆಗಳಿಗೆ ಸರ್ಕಾರವೇ ದುಡ್ಡು ಕಟ್ಟುತ್ತದೆ, ನಮ್ಮಂಥ ಸರ್ಕಾರಿ ಕಾಲೇಜಿನವರು ಆನ್‌ಲೈನ್‌ನಲ್ಲಿ ಓದಬಹುದು. ಮುಂಚೆ ಒಂದೇ ಒಂದು ಜರ್ನಲ್ ತರಿಸಲು ಕಮಿಟಿ, ಕೊಟೇಶನ್, ಆಡಿಟ್ ಅಂತ ಚಪ್ಪಲಿ ಸವೆಯುತ್ತಿತ್ತು. ಹಾಗಾಗಿ ಯೋಜನೆಯ ಮೇಲೆ ನನಗೆ ಸಿಟ್ಟಿಲ್ಲ.

ಕಾಲೇಜಿನ ನೆಟ್‌ನಲ್ಲಿ ಕೂತರೆ ಐಪಿ ನಂಬರ್ (ಆ ನೆಟ್‌ನ ವಿಳಾಸ) ನೋಡಿಯೇ ಒಳಗೆ ಬಿಡುತ್ತಾರೆ. ಮನೆಯಿಂದ ಓದಬೇಕಾದರೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಲೈಬ್ರರಿ ಜಾಲದ ಕೇಂದ್ರ ನಡೆಸುವ 'ಇನ್‌ಫೆಡ್' ಎಂಬ ಲಾಗಿನ್ ವ್ಯವಸ್ಥೆಯ ಮೂಲಕ ಲಾಗಿನ್ ಆಗಬೇಕು. (ಸಿನಿಮಾದವರ ಗಾಂಧಿನಗರ ಅಲ್ಲ, ಗುಜರಾತಿನದು. ಇದನ್ನೂ ಹೇಳಬೇಕಾಯಿತು.) ಮೊದಲು ಪಟ್ಟಿಯಲ್ಲಿ ನಮ್ಮ ಕಾಲೇಜು ಆರಿಸಬೇಕು. ನಮ್ಮ ರಾಜ್ಯದಲ್ಲಿ 'ಸರ್ಕಾರಿ ಪ್ರಥಮ ದರ್ಜೆ ಕಾಲೇಜು'ಗಳಿಗೆ ಬರವೇ? ಕನ್ನಡ ಮೇಷ್ಟ್ರು ಯಾವುದೋ ಊರಿನದನ್ನು ಒತ್ತಿ, "ನನ್ನ ಹೆಸರೇ ಇಲ್ಲ ಅಂತದಲ್ಲ ಮೇಡಂ! ಪರ್ಮನೆಂಟ್ ನೌಕರ ಕಣ್ರೀ ನಾನು" ಅಂತ ಸರ್ವೀಸ್ ರಿಜಿಸ್ಟರ್ ತೆಗೆಸಲು ಹೊರಟಿದ್ದರು.

ಈಗ ತೆರೆದುಕೊಳ್ಳದ ಹಳೇ ಜರ್ನಲ್ ಲಿಂಕುಗಳದು ಇನ್ನೊಂದು ಕಥೆ. ಸ್ಟಾಫ್ ರೂಮಿನ ಬೀರುವಿಗೆ ಅಂಟಿಸಿದ ಚೀಟಿಯಲ್ಲಿ ಇರುವುದು ಅವೇ. ಅದನ್ನು ಟೈಪ್ ಮಾಡಿದ ಹಿಸ್ಟರಿಯವರು, "ಜರ್ನಲ್ ನಿಂತುಹೋಯ್ತಾ? ಛೆ, ಒಳ್ಳೇದಿತ್ತು" ಅಂತ ಸಂತಾಪ ಸೂಚಿಸಿದರು. ಹೊಸ ಚೀಟಿ ಅಂಟಿಸಿದೆ. ಹಳೆಯದನ್ನು ಕಿತ್ತರೆ ಬೀರುವಿನ ಬಣ್ಣ ಹೋಗುತ್ತದೆ ಅಂತ ಅಟೆಂಡರ್ ಬಿಡಲಿಲ್ಲ. ಈಗ ಎರಡೂ ಅಕ್ಕಪಕ್ಕ ಇವೆ. ಜನಕ್ಕೆ ಹಳೆಯದೇ ಇಷ್ಟ, ಅಕ್ಷರ ದಪ್ಪ.

ಎಲ್ಲಕ್ಕಿಂತ ಸುಸ್ತು ಮಾಡಿದವರು ಎಕನಾಮಿಕ್ಸ್ ಮೇಷ್ಟ್ರು. ಪಾಸ್‌ವರ್ಡ್ ಮರೆತಿತ್ತು. ಬದಲಿಸುವ ಲಿಂಕು ಹೋಗುವುದು ಕಾಲೇಜಿನ ಈಮೇಲ್‌ಗೆ. ಅದನ್ನು ಅವರು ತೆರೆದೇ ಇರಲಿಲ್ಲ. ಅದರ ಪಾಸ್‌ವರ್ಡೂ ಗೊತ್ತಿಲ್ಲ. ಸರಿ, ಓಟಿಪಿ ತರಿಸೋಣ ಅಂದೆ. ಅದು ಹೆಂಡತಿಯ ಫೋನಿಗೆ ಹೋಯಿತು. ಅವರು ಸಂತೆಯಲ್ಲಿದ್ದರು. ಮೇಷ್ಟ್ರು ಸ್ಪೀಕರ್ ಹಾಕಿ ಕೇಳಿದರು.

"ಯಾರಿಗೂ ಹೇಳ್ಬ್ಯಾಡಿ ಅಂತ ಬರ್ದವ್ರೆ ಕಣ್ರೀ."

"ನಾನು ನಿನ್ನ ಗಂಡ ಕಣೇ!"

"ಹಂಗಂತ್ಲೇ ಫೋನ್ ಮಾಡ್ತಾರಂತೆ. ಮೊನ್ನೆ ಟೀವೀಲಿ ಬಂದಿತ್ತು" ಅಂದು ಫೋನಿಟ್ಟರು.