ಮಾಣಿಗೆ 62

ಕಳೆದ ಮೇ ತಿಂಗಳಲ್ಲಿ ಅಜ್ಜ-ಅಜ್ಜಿ ಸಾಗರದಿಂದ ಬೆಂಗಳೂರಿಗೆ, ನಮ್ಮನೆಗೆ ಬಂದಿದ್ದರು. ಅಜ್ಜಿಯ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಊರಲ್ಲಿ ಚಿಕ್ಕಪ್ಪ ಇದ್ದಾನೆ, ಆ ಕಡೆ ಒಳ್ಳೆ ಡಾಕ್ಟರೂ ಇದ್ದಾರೆ. ಆದರೆ ಆಪರೇಷನ್ ಆದ ಮೇಲೆ ದಿನಕ್ಕೆ ಆರು ಸಲ ಕಣ್ಣಿಗೆ ಡ್ರಾಪ್ಸ್ ಹಾಕುವವರು ಬೇಕಲ್ವಾ, ಮಳೆ ಹಿಡಿಯುವ ಮೊದಲು ತೋಟದ ಕೆಲಸ ಮುಗಿಸುವ ಗಡಿಬಿಡಿಯಲ್ಲಿ ಅಲ್ಲಿ ಯಾರಿಗೂ ಕೈ ಬಿಡುವಿರುವುದಿಲ್ಲ, ಹಾಗಾಗಿ ಇಲ್ಲಿಗೇ ಬನ್ನಿ ಎಂದು ಅಪ್ಪನೇ ಹೇಳಿದ್ದ. ಅಜ್ಜನಿಗೆ 86, ಅಜ್ಜಿಗೆ 81.

ತಾಳಗುಪ್ಪ ರೈಲು ಬೆಳಗಿನ ಜಾವ ಮೆಜೆಸ್ಟಿಕ್‌ಗೆ ಬರುತ್ತದೆ. ಕರೆತರಲು ನಾನೂ ಅಪ್ಪನೂ ಹೋಗಿದ್ದೆವು. ಮಲೆನಾಡಿನಿಂದ ಬರುವವರ ಲಗೇಜು ಹೇಗಿರುತ್ತದೆ ಅಂತ ಗೊತ್ತಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಆ ವರ್ಷದ ಹಲಸಿನ ಹಪ್ಪಳ, ಒಂದು ಚೀಲ ತೆಂಗಿನಕಾಯಿ, ಅದರ ಮೇಲೆ ಒಂದು ಬಾಳೆಗೊನೆ. ನಾನು ಅಜ್ಜಿಯ ಕೈ ಹಿಡಿದುಕೊಂಡೆ. ಅಪ್ಪ ಕಾಯಿಚೀಲ ಎತ್ತಿಕೊಂಡು ಮುಂದೆ ಹೋದ. ಅರ್ಧ ಮೆಟ್ಟಿಲು ಹತ್ತಿದವನು ನಿಂತ. ಚೀಲ ಕೆಳಗಿಟ್ಟ. ಜೇಬಿನಿಂದ ಫೋನ್ ತೆಗೆದು ನೋಡತೊಡಗಿದ. ಅಷ್ಟು ಹೊತ್ತಿಗೆ ಯಾರ ಫೋನೂ ಬಂದಿರಲಿಲ್ಲ. ನಾನು ಹತ್ತಿರ ಹೋದಾಗ ಅವನ ಉಸಿರು ಕೇಳುತ್ತಿತ್ತು.

ನನಗಿಂತ ಮೊದಲು ಅಜ್ಜ ಅಲ್ಲಿಗೆ ತಲುಪಿಯಾಗಿತ್ತು. "ಕೊಡು ಮಾಣಿ, ಒಂದು ಬದಿ ಆನು ಹಿಡಿತಿ" ಅಂದ.

ನಮ್ಮ ಹವ್ಯಕರ ಮನೆಗಳಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ. ಈ ಮಾಣಿಗೆ 62 ವರ್ಷ, ರಿಟೈರ್ ಆಗಿ ಎರಡು ವರ್ಷವಾಗಿದೆ. ಚೀಲ ನಾನು ತೆಗೆದುಕೊಂಡೆ. ನಿದ್ದೆಗೆಟ್ಟಿದ್ದಾನೆ, ಅದಕ್ಕೇ ಸುಸ್ತು ಅಂದುಕೊಂಡು ಅವತ್ತು ಸುಮ್ಮನಾದೆ.

ಆಪರೇಷನ್ ಅರ್ಧ ಗಂಟೆಯೊಳಗೆ ಮುಗಿಯಿತು, ಅದೇ ದಿನ ಮನೆಗೂ ಕಳಿಸಿದರು. ಮರುದಿನ ಬ್ಯಾಂಡೇಜ್ ಬಿಚ್ಚಿಸಿಕೊಂಡು ಬಂದ ಅಜ್ಜಿ ಹಾಲ್‌ನಲ್ಲಿ ಕೂತು ಮೊದಲು ಕೇಳಿದ್ದು ಗೋಡೆಗೆ ಯಾವಾಗ ಬಣ್ಣ ಹೊಡೆಸಿದ್ದು ಅಂತ. ಬಣ್ಣ ಹೊಡೆಸಿ ಏಳು ವರ್ಷವಾಗಿದೆ. ಪೊರೆ ಬಂದ ಕಣ್ಣಿಗೆ ಎಲ್ಲವೂ ಮಂಜು ಮಂಜು, ಬಿಳಿ ಕೂಡ ಹಳದಿ. ಅದು ಹೋದ ಮೇಲೆ ಬಿಳಿ ಗೋಡೆ ಬಿಳಿಯಾಗಿ ಕಂಡಿದೆ.

ಅಷ್ಟರಲ್ಲಿ ಅಮ್ಮ ಡ್ರಾಪ್ಸ್ ತಂದಳು. ಅಜ್ಜಿ ತಲೆ ಎತ್ತಿ ಅವಳನ್ನು ನೋಡಿದವಳು ಹಾಗೇ ನೋಡುತ್ತಾ ಉಳಿದಳು. ಆಮೇಲೆ ಕೈ ಚಾಚಿ ಅಮ್ಮನ ಕಿವಿಯ ಪಕ್ಕದ ಕೂದಲನ್ನು ಹೆಬ್ಬೆರಳಲ್ಲಿ ಸವರಿದಳು.

"ಎಂತಾತೇ ಕೂಸೆ? ಇಷ್ಟೆಲ್ಲ ಬಿಳಿ ಕೂದ್ಲು ಯಾವಾಗ ಬಂತೇ ನಿಂಗೆ?"

"ಐದಾರು ವರ್ಷ ಆತು ಅತ್ತೆ" ಎಂದು ಅಮ್ಮ ನಕ್ಕಳು. ಅಜ್ಜಿ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ, "ನೀನೂ ರಾಶಿ ಸೊರಗಿದ್ದೆ ಮಾಣಿ" ಅಂದಳು. ಯಾರೂ ಏನೂ ಮಾತಾಡಲಿಲ್ಲ.

ಅಜ್ಜಿ ನಾಲ್ಕೈದು ವರ್ಷ ಪೊರೆಯ ಹಿಂದಿನಿಂದ ಇವರನ್ನು ನೋಡಿದ್ದಾಳೆ. ಅವಳಿಗೆ ಕಾಣದಿದ್ದದ್ದು ಸರಿ. ನಾನು ಇದೇ ಮನೆಯಲ್ಲಿ ದಿನಾ ಇವರ ಎದುರು ಕೂತು ಊಟ ಮಾಡುತ್ತೇನೆ. ನನಗೆ ಯಾಕೆ ಕಾಣಲಿಲ್ಲ?

ಅವತ್ತಿನಿಂದ ನೋಡತೊಡಗಿದೆ. ಡ್ರಾಪ್ಸ್ ಎರಡು ಥರದ್ದಿತ್ತು. ಯಾವುದು ಯಾವುದು ಅಂತ ಓದಲು ಅಮ್ಮ ಬಾಟಲಿಯನ್ನು ಕೈ ಚಾಚುವಷ್ಟು ದೂರ ಹಿಡಿದು ಟ್ಯೂಬ್‌ಲೈಟ್ ಕೆಳಗೆ ಹೋಗುತ್ತಿದ್ದಳು. ಕೊನೆಗೆ ಒಂದಕ್ಕೆ ದಾರ ಕಟ್ಟಿಟ್ಟಳು. ಹಾಕುವಾಗ ಕೈ ಸಣ್ಣಗೆ ನಡುಗಿ ಒಂದೊಂದು ಸಲ ಹನಿ ಕೆನ್ನೆಗೆ ಬೀಳುತ್ತಿತ್ತು. ಸೆರಗಿನಲ್ಲಿ ಒರೆಸಿ ಮತ್ತೆ ಹಾಕುತ್ತಿದ್ದಳು. ಆಮೇಲೆ ಸೋಫಾದ ಕೈ ಹಿಡಿದು, ಒಂದು ಕ್ಷಣ ತಡೆದು, ಏಳುತ್ತಿದ್ದಳು. ದಿನಕ್ಕೆ ಆರು ಸಲ. ಅವಳ ಮಂಡಿಗೆ ಎಕ್ಸ್‌ರೇ ಮಾಡಿಸಿ ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿ ಫ್ರಿಜ್ ಮೇಲೆ ಮಾರ್ಚ್‌ನಿಂದ ಬಿದ್ದಿತ್ತು. ಕೇಳಿದರೆ, ಅತ್ತೆ ಊರಿಗೆ ಹೋದ ಮೇಲೆ ನೋಡೋಣ ಅಂದಳು.

ಅಪ್ಪ ಹಾಲ್‌ನಲ್ಲಿ ನೆಲಕ್ಕೆ ಹಾಸಿಗೆ ಹಾಕಿ ಮಲಗುತ್ತಿದ್ದ. ರಾತ್ರಿ ಅಜ್ಜ ಎರಡು ಮೂರು ಸಲ ಬಾತ್‌ರೂಮಿಗೆ ಏಳುತ್ತಾನೆ, ಹೊಸ ಜಾಗ, ಎಲ್ಲಾದರೂ ಜಾರಿದರೆ ಅನ್ನುವ ಭಯ. ಅಜ್ಜ ಎದ್ದಾಗೆಲ್ಲ ಅಪ್ಪನೂ ಎದ್ದು ಲೈಟ್ ಹಾಕುತ್ತಿದ್ದ. ಅವನ ಬಿಪಿ ಮಾತ್ರೆಯ ಸ್ಟ್ರಿಪ್‌ನಲ್ಲಿ ಆ ವಾರ ಮೂರು ಮಾತ್ರೆ ಹಾಗೇ ಉಳಿದಿತ್ತು. ಅಜ್ಜನ ಮಾತ್ರೆ ಒಂದೂ ತಪ್ಪಿರಲಿಲ್ಲ.

ಎಷ್ಟು ಮನೆಗಳಲ್ಲಿ ಈಗ ಇದೇ ಕಥೆ ನೋಡಿ. 60 ದಾಟಿದವರು 85 ದಾಟಿದವರನ್ನು ನೋಡಿಕೊಳ್ಳುತ್ತಿದ್ದಾರೆ. ಮೂವತ್ತು, ನಲವತ್ತರ ನಾವು 'ಅಪ್ಪ ಅಮ್ಮ ಇದ್ದಾರಲ್ಲ' ಅಂದುಕೊಂಡು ಆಫೀಸಿಗೆ ಹೋಗುತ್ತೇವೆ. ಮನೆಯಲ್ಲಿ ವಯಸ್ಸಾದವರು ಅಂದರೆ ನಮ್ಮ ತಲೆಗೆ ಬರುವುದು ಅಜ್ಜ-ಅಜ್ಜಿ ಮಾತ್ರ. ಅವರು ಇರುವ ತನಕ ಅಪ್ಪ ಮಾಣಿಯೇ, ಅಮ್ಮ ಕೂಸೇ. 62ನೇ ವಯಸ್ಸಲ್ಲಿ ಮಾಣಿ ಅಂತ ಕರೆಯುವವರು ಇರುವುದು ದೊಡ್ಡ ಪುಣ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಣಿಗೆ ಮಂಡಿ ನೋವು ಅನ್ನುವ ಹಕ್ಕಿಲ್ಲ. ತನ್ನಪ್ಪನ ಎದುರು ಸುಸ್ತಾಗುತ್ತೆ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ, ಸುಮ್ನೆ ಫೋನ್ ತೆಗೆದು ನೋಡುತ್ತಾನೆ.

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಒಂದು ಕಾನೂನು ಬಂದಿದೆಯಲ್ಲ, ಅದರ ಪ್ರಕಾರ 60 ತುಂಬಿದರೆ ಹಿರಿಯ ನಾಗರಿಕ. ಅಪ್ಪನೂ ಆ ಲೆಕ್ಕಕ್ಕೆ ಸೇರಿಯಾಗಿದೆ. ಅದೇ ಕಾನೂನಿನಲ್ಲಿ 'ಮಕ್ಕಳು' ಅನ್ನುವ ಪದಕ್ಕೆ ಮಗ, ಮಗಳು ಮಾತ್ರವಲ್ಲ, ಮೊಮ್ಮಗ, ಮೊಮ್ಮಗಳನ್ನೂ ಸೇರಿಸಿದ್ದಾರೆ. ಕಾನೂನು ಹೇಳಿದ್ದಕ್ಕೆ ಯಾರೂ ಅಜ್ಜಿಯ ಕಣ್ಣಿಗೆ ಡ್ರಾಪ್ಸ್ ಹಾಕುವುದಿಲ್ಲ, ನಿಜ. ಆದರೆ ಆ ಸಾಲು ಓದಿದಾಗ ನನಗೆ ನಾಟಿತು. ಇದು ಅಪ್ಪ-ಅಮ್ಮನ ಪಾಳಿ, ನಮ್ಮ ಪಾಳಿ ಇನ್ನೂ ಇಪ್ಪತ್ತು ವರ್ಷಕ್ಕೆ ಅಂದುಕೊಂಡಿದ್ದೆ. ಅದು ಆಗಲೇ ಶುರುವಾಗಿದೆ. ಮರುದಿನದಿಂದ ಬೆಳಗ್ಗೆಯ ಎರಡು, ರಾತ್ರಿಯ ಎರಡು ಡ್ರಾಪ್ಸ್ ನಾನು ಹಾಕಿದೆ. ಮೊದಲ ದಿನ ನನ್ನ ಕೈಯೂ ನಡುಗಿತು. ಹಾಲ್‌ನ ಹಾಸಿಗೆಗೂ ನಾನೇ ಬಂದೆ. ಅಪ್ಪ ಬೇಡ ಬೇಡ ಅಂದ, ಆಮೇಲೆ ಬೆಳಗ್ಗೆ ಏಳರ ತನಕ ಮಲಗಿದ್ದ. ಅವನು ಏಳರ ತನಕ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಐದು ವಾರ ಕಳೆದು ಅವರು ಹೊರಡುವಾಗ ಟಿಕೆಟ್ ಬುಕ್ ಮಾಡಲು ಕೂತೆ. ಹಿರಿಯರಿಗೆ ರೈಲಿನಲ್ಲಿ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು, ಲೋವರ್ ಬರ್ತ್ ಕೋಟಾ ಮಾತ್ರ ಇದೆ. ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಇದ್ದರೆ ಅದೂ ಸಿಗುವುದಿಲ್ಲ. "ಅವರಿಬ್ಬರಿಗೆ ಕೆಳಗೆ ಸಿಕ್ಕರೆ ಸಾಕು, ನಾನು ಮೇಲೆ ಹತ್ತುತ್ತೇನೆ" ಅಂದ ಅಪ್ಪ. ಅಜ್ಜ-ಅಜ್ಜಿಗೆ ಒಂದು ಟಿಕೆಟ್, ಅಪ್ಪನಿಗೆ ಹಿರಿಯರ ಕೋಟಾದಲ್ಲೇ ಬೇರೆ ಒಂದು, ನನಗೊಂದು ಅಂತ ಮೂರು ಮಾಡಿಸಿದೆ. ನೀನ್ಯಾಕೆ ರಜೆ ಹಾಕ್ತೀಯ ಎಂದು ಅಪ್ಪ ನಾಲ್ಕು ಸಲ ಕೇಳಿದ. ಅವತ್ತು ತುಮಕೂರು ಬರುವ ಮೊದಲೇ ಅಪ್ಪ ಕೆಳಗಿನ ಬರ್ತ್‌ನಲ್ಲಿ ನಿದ್ದೆ ಹೋಗಿದ್ದ. ಅಜ್ಜಿ ಮಲಗಿರಲಿಲ್ಲ. ಮಾಣಿಗೆ ಹೊದಿಕೆ ಇದ್ದಾ ನೋಡು ಎಂದು ನನ್ನನ್ನು ಎರಡು ಸಲ ಕಳಿಸಿದಳು.

ಬಲಗಣ್ಣಿಗೆ ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತಾರಂತೆ. ಅಷ್ಟರೊಳಗೆ ಅಮ್ಮನ ಮಂಡಿ ತೋರಿಸಬೇಕು. ಬರುವ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಈಗೆಂತ ಅರ್ಜೆಂಟು ಅನ್ನುತ್ತಿದ್ದಾಳೆ.