ಅವರನ್ನು ಮೊದಲು ಮನೆಗೆ ಕಳಿಸಿ

ಫುಟ್‌ಬಾಲ್ ಅಭಿಮಾನಿಗೆ ತನ್ನ ತಂಡದ ಮೇಲೆ ಇರುವ ಅಧಿಕಾರ ಅಷ್ಟಕ್ಕಷ್ಟೇ. ಹಣ ಹಾಕುವವರು ಬೇರೆ, ಆಟಗಾರರನ್ನು ಕೊಳ್ಳುವವರು ಬೇರೆ, ಟಿಕೆಟ್ ದರ ಏರಿಸುವವರು ಬೇರೆ. ಪಂದ್ಯ ಯಾವ ಹೊತ್ತಿಗೆ ಶುರುವಾಗಬೇಕೆಂದು ಟಿವಿಯವರು ತೀರ್ಮಾನಿಸುತ್ತಾರೆ. ಎಲ್ಲರೂ ಹಂಚಿಕೊಂಡು ಮಿಕ್ಕಿದ್ದರಲ್ಲಿ ನಮ್ಮ ಪಾಲಿಗೆ ಬಂದದ್ದು ಒಂದೇ ಹಕ್ಕು: ತಂಡ ಸಾಲಾಗಿ ಮೂರ್ನಾಲ್ಕು ಪಂದ್ಯ ಸೋತಾಗ ಮ್ಯಾನೇಜರ್‌ನ ತಲೆದಂಡ ಕೇಳುವುದು. ಮತದಾನವನ್ನಾದರೂ ಒಮ್ಮೊಮ್ಮೆ ತಪ್ಪಿಸಿಕೊಂಡೇನು, ಈ ಹಕ್ಕನ್ನು ಮಾತ್ರ ನಾನು ಯಾವತ್ತೂ ಬಿಟ್ಟುಕೊಟ್ಟವನಲ್ಲ.

ನನ್ನ ಕೈಯಲ್ಲಿ ಮೊದಲು ಬಲಿಯಾದವರು ಡೇವಿಡ್ ಮೋಯ್ಸ್. ಕೈಯಲ್ಲಿ ಎಂದರೆ ರಿಮೋಟ್ ಹಿಡಿದಿದ್ದ ಕೈಯಲ್ಲಿ. 1999ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೊನೆಯ ಗಳಿಗೆಯಲ್ಲಿ ಎರಡು ಗೋಲು ಹೊಡೆದು ಬಯಾರ್ನ್ ಮ್ಯೂನಿಕ್ ತಂಡವನ್ನು ಕೆಡವಿದ್ದನ್ನು ನೋಡಿ ಆ ತಂಡಕ್ಕೆ ಅಂಟಿಕೊಂಡವರ ಪೀಳಿಗೆ ನನ್ನದು. ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಎಂಬುವರು ಎಂದೆಂದೂ ಅಲ್ಲೇ ಇರುತ್ತಾರೆ ಎಂದು ನಂಬಿದ್ದೆವು. 2013ರಲ್ಲಿ, ಇಪ್ಪತ್ತಾರೂವರೆ ವರ್ಷ ದುಡಿದು, ಹದಿಮೂರನೆಯ ಲೀಗ್ ಪ್ರಶಸ್ತಿ ಗೆದ್ದುಕೊಟ್ಟು ಅವರು ನಿವೃತ್ತರಾದರು. ಕೊನೆಯ ತವರು ಪಂದ್ಯ ಮುಗಿದ ಮೇಲೆ ಮೈಕ್ ಹಿಡಿದು, ಹೊಸ ಮ್ಯಾನೇಜರ್ ಮೋಯ್ಸ್ ಬೆನ್ನಿಗೆ ನಿಲ್ಲುವುದು ಇನ್ನು ನಿಮ್ಮ ಕೆಲಸ ಎಂದು ಅಭಿಮಾನಿಗಳಿಗೆ ಹೇಳಿಹೋದರು. ಹಿರಿಯರ ಮಾತು. ಮೀರಲಿಲ್ಲ, ಹೆಚ್ಚು ಕಡಿಮೆ ಡಿಸೆಂಬರ್‌ವರೆಗೆ.

ಡಿಸೆಂಬರ್ ಮೊದಲ ವಾರದಲ್ಲೇ ಎವರ್ಟನ್ ನಮ್ಮ ತವರು ಮೈದಾನ ಓಲ್ಡ್ ಟ್ರಾಫರ್ಡ್‌ಗೆ ಬಂದು ಗೆದ್ದಿತು. ನಾಲ್ಕು ದಿನ ಕಳೆಯುವುದರೊಳಗೆ ನ್ಯೂಕಾಸಲ್ ಬಂದು ಗೆದ್ದಿತು. ನ್ಯೂಕಾಸಲ್ ಅಲ್ಲಿ ಲೀಗ್ ಪಂದ್ಯ ಗೆದ್ದು ನಲವತ್ತು ವರ್ಷ ದಾಟಿತ್ತು. ಆದರೂ ನನ್ನ ತಾಳ್ಮೆ ಕಟ್ಟೆ ಒಡೆದದ್ದು ಸೋಲಿನಿಂದಲ್ಲ, ಒಂದು ಡ್ರಾದಿಂದ. 2014ರ ಫೆಬ್ರವರಿಯ ಭಾನುವಾರ, ಅಂಕಪಟ್ಟಿಯ ತಳದಲ್ಲಿದ್ದ ಫುಲ್‌ಹಾಮ್ ಎದುರಾಳಿ. ಅಂದು ಯುನೈಟೆಡ್ ಎರಡೂ ಅಂಚುಗಳಿಂದ ಎಂಬತ್ತಕ್ಕೂ ಹೆಚ್ಚು ಸಲ ಚೆಂಡನ್ನು ಎತ್ತಿ ಗೋಲಿನ ಮುಂದಕ್ಕೆ ಹಾಕಿತು. ಒಂದು ಹೋಯಿತೇ, ಇನ್ನೊಂದು. ಅದೂ ಹೋಯಿತೇ, ಮತ್ತೊಂದು. ಅಲ್ಲಿ ಆರೂವರೆ ಅಡಿ ಮೀರಿದ ಡ್ಯಾನ್ ಬರ್ನ್ ಎಂಬ ಯುವಕ ನಿಂತಿದ್ದ. ಅವನ ತಲೆಗೆ ನೇರ ತಲುಪುವಂತೆ ಚೆಂಡು ಕಳಿಸಿಕೊಡುವುದೇ ನಮ್ಮವರ ಯೋಜನೆ ಇದ್ದಂತಿತ್ತು. ಹೇಗೋ 2-1 ಮುನ್ನಡೆ ಸಿಕ್ಕಿತು; ಗಡಿಯಾರ ತೊಂಬತ್ತು ದಾಟಿದ ಮೇಲೆ ಡ್ಯಾರೆನ್ ಬೆಂಟ್ ಅದನ್ನೂ ಸಮ ಮಾಡಿದ. ರಾತ್ರಿ ಎದ್ದು ನಿಂತು ನಾನು ಆದೇಶ ಹೊರಡಿಸಿದೆ: ಅವರನ್ನು ಮೊದಲು ಮನೆಗೆ ಕಳಿಸಿ.

ಈ ಪಂದ್ಯಕ್ಕೊಂದು ಬಾಲವಿದೆ. ಅಂದು ಫುಲ್‌ಹಾಮ್‌ನ ಕೋಚ್ ಆಗಿದ್ದವರು ರೆನೆ ಮ್ಯೂಲೆನ್‌ಸ್ಟೀನ್. ವರ್ಷಗಟ್ಟಲೆ ಫರ್ಗುಸನ್ ಜೊತೆ ಯುನೈಟೆಡ್‌ನಲ್ಲೇ ತರಬೇತಿ ಕೊಟ್ಟವರು, ಮೋಯ್ಸ್ ಬಂದಾಗ ಹೊರಬಿದ್ದವರು. ಹಳೆಯ ಮನೆಗೇ ಬಂದು ಹೀಗೊಂದು ಡ್ರಾ ಕಿತ್ತುಕೊಂಡವರ ಗತಿ ಏನಾಯಿತು? ಐದು ದಿನ ಕಳೆಯುವಷ್ಟರಲ್ಲಿ ಫುಲ್‌ಹಾಮ್ ಅವರ ಜಾಗಕ್ಕೆ ಬೇರೆಯವರನ್ನು ತಂದಿತ್ತು. ಮೋಯ್ಸ್ ಇನ್ನೂ ಕುರ್ಚಿಯಲ್ಲೇ ಇದ್ದರು. ಮುಂದೆ ಇದೇ ಮ್ಯೂಲೆನ್‌ಸ್ಟೀನ್ 2017ರಲ್ಲಿ ಕೇರಳ ಬ್ಲಾಸ್ಟರ್ಸ್ ಕೋಚ್ ಆಗಿ ಕೊಚ್ಚಿಗೆ ಬಂದಿಳಿದರು. ಆ ವರ್ಷದ ಕೊನೆಯ ದಿನ ನಮ್ಮ ಬೆಂಗಳೂರು ಎಫ್‌ಸಿ ಕೊಚ್ಚಿಗೆ ಹೋಗಿ 3-1ರಿಂದ ಗೆದ್ದಿತು. ಹೊಸ ವರ್ಷದ ಎರಡನೆಯ ದಿನ ಅವರು ಕ್ಲಬ್ ಬಿಟ್ಟರು. ನಾನು ಬೆಂಬಲಿಸುವ ತಂಡದೊಂದಿಗೆ ಡ್ರಾ ಮಾಡಿಕೊಂಡರೂ ಕೆಲಸ ಹೋಯಿತು, ಸೋತರೂ ಹೋಯಿತು. ಆ ಮನುಷ್ಯನಿಗೆ ನನ್ನ ಮೇಲೆ ಕೋಪವಿದ್ದರೆ ಅದರಲ್ಲಿ ಅರ್ಥವಿದೆ.

ಮಾರ್ಚ್ ಕೊನೆಗೆ ಓಲ್ಡ್ ಟ್ರಾಫರ್ಡ್ ಮೇಲೆ ಮೋಯ್ಸ್ ತೊಲಗಲಿ ಎಂಬ ಬ್ಯಾನರ್ ಕಟ್ಟಿಕೊಂಡು ಸಣ್ಣ ವಿಮಾನವೊಂದು ಹಾರಿತು. ಅಭಿಮಾನಿಗಳೇ ಚಂದಾ ಎತ್ತಿ ಬಾಡಿಗೆಗೆ ತಂದದ್ದು. ಕೆಟ್ಟ ಗಳಿಗೆ ನೋಡಿ, ಆ ದಿನ ತಂಡ 4-1ರಿಂದ ಗೆದ್ದುಬಿಟ್ಟಿತು. ಏಪ್ರಿಲ್ 20ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ, ಮೋಯ್ಸ್ ಹನ್ನೊಂದು ವರ್ಷ ದುಡಿದ ಎವರ್ಟನ್‌ನ ಅಂಗಳದಲ್ಲೇ, ಅವರ ಹಿಂದಿನ ಸಾಲಿನಲ್ಲಿ ಕಪ್ಪು ಮುಸುಕು ಹಾಕಿ, ಕೈಯಲ್ಲಿ ಕುಡುಗೋಲು ಹಿಡಿದು ಯಮದೂತನ ವೇಷದಲ್ಲಿ ಒಬ್ಬಾತ ಕೂತಿದ್ದ. ಯುನೈಟೆಡ್ 2-0ಯಿಂದ ಸೋತಿತು. 22ರ ಬೆಳಿಗ್ಗೆ ಮೋಯ್ಸ್ ಇರಲಿಲ್ಲ. ಬರೆದುಕೊಟ್ಟ ಕರಾರು ಆರು ವರ್ಷದ್ದು. ನಡೆದದ್ದು ಹತ್ತು ತಿಂಗಳು.

ನಾನು ಕುಣಿದಾಡಿದೆ. ಅಪ್ಪ ಪೇಪರ್ ಮಡಿಸಿ ಕೇಳಿದರು, “ಅಲ್ಲಪ್ಪಾ, ಕಾರಣ ಕೇಳಿ ನೋಟಿಸ್ ಕೊಟ್ಟಿದ್ದರೇ?”

ಅಪ್ಪ ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ ಸಿಬ್ಬಂದಿ ಶಾಖೆ ನೋಡಿಕೊಂಡು ನಿವೃತ್ತರಾದವರು. ಇಲ್ಲ ಎಂದೆ. “ಇಲಾಖಾ ವಿಚಾರಣೆ?” ಅದೂ ಇಲ್ಲ. “ನಮ್ಮಲ್ಲಿ ಮೂರು ವರ್ಷ ಕಚೇರಿಗೇ ಬಾರದ ಒಬ್ಬ ಅಟೆಂಡರ್ ಇದ್ದ. ಅವನನ್ನು ತೆಗೆಯುವುದರೊಳಗೆ ನನಗೇ ವಯೋನಿವೃತ್ತಿ ಆಯಿತು” ಎಂದು ಹೇಳಿ, ಉಳಿದ ಐದು ವರ್ಷದ ಸಂಬಳದ ಗತಿ ಏನು ಎಂದು ವಿಚಾರಿಸಿದರು. ಪರಿಹಾರ ಕೊಟ್ಟು ಕಳಿಸುತ್ತಾರೆ, ಕೋಟಿಗಳ ಲೆಕ್ಕದಲ್ಲಿ ಎಂದೆ. ಅಲ್ಲಿಂದ ಮುಂದೆ ಅಪ್ಪ ಮೋಯ್ಸ್ ಬಗ್ಗೆ ಮರುಗಲಿಲ್ಲ.

ಅಲ್ಲಿಂದೀಚೆಗೆ ಯುನೈಟೆಡ್‌ನಲ್ಲಿ ಇದೊಂದು ವಾರ್ಷಿಕ ಜಾತ್ರೆ ಎನ್ನುವ ಹಾಗೆ ಆಗಿದೆ. ಲೂಯಿ ವ್ಯಾನ್ ಹಾಲ್ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದ ಎರಡನೆಯ ದಿನ ಹೋದರು. ಜೋಸೆ ಮೌರಿನ್ಯೊ ಹೋದರು. ಓಲೆ ಗುನ್ನರ್ ಸೋಲ್‌ಶೇರ್ ಕಣ್ಣಲ್ಲಿ ನೀರು ತುಂಬಿಕೊಂಡು ಹೋದರು. 1999ರ ಆ ಎರಡನೆಯ ಗೋಲು ಅವರದ್ದೇ ಆದ್ದರಿಂದ ಅವರ ವಿಷಯದಲ್ಲಿ ನಾನು ಆದೇಶ ಹೊರಡಿಸದೆ ಸುಮ್ಮನಿದ್ದೆ. ಎರಿಕ್ ಟೆನ್ ಹಾಗ್ ಅವರ ಕರಾರನ್ನು 2024ರ ಜುಲೈನಲ್ಲಿ ವಿಸ್ತರಿಸಿದರು, ಅಕ್ಟೋಬರ್‌ನಲ್ಲಿ ಕಳಿಸಿದರು. ಪ್ರತಿ ಸಲವೂ ನಮಗೆ ಇವರೇ ಕೊನೆಯ ಅಡ್ಡಿ, ಇವರೊಬ್ಬರು ಹೋದರೆ ಎಲ್ಲ ಸರಿ. ಅವರು ಹೋದ ಮರುವಾರವೇ ಹಂಗಾಮಿ ಕೋಚ್ ಕೈಯಲ್ಲಿ ತಂಡ ನಾಲ್ಕೈದು ಗೋಲು ಹೊಡೆದು ಗೆಲ್ಲುತ್ತದೆ. ನೋಡಿದಿರಾ ಎನ್ನುತ್ತೇವೆ. ಅದು ಕೆಟ್ಟ ದಿನಗಳು ತಮ್ಮಷ್ಟಕ್ಕೆ ಮುಗಿಯುವ ಹೊತ್ತು ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ತೀರಾ ಕೆಳಗೆ ಬಿದ್ದಾಗಲೇ ತಾನೆ ಕೋಚ್‌ನನ್ನು ತೆಗೆಯುವುದು, ಅಲ್ಲಿಂದ ದಾರಿ ಇರುವುದು ಬಹುಪಾಲು ಮೇಲಕ್ಕೇ. ಸರಿಯಾದ ಮಾತು. ಆದರೆ ಭಾನುವಾರ ಸೋತು ಸೋಮವಾರ ಕೆಲಸಕ್ಕೆ ಹೋಗಬೇಕಾದವನಿಗೆ ಲೆಕ್ಕ ಹೇಳಿದರೆ ಸಮಾಧಾನವಾಗುವುದಿಲ್ಲ. ಇಪ್ಪತ್ತೈದು ಆಟಗಾರರನ್ನು ಒಂದೇ ರಾತ್ರಿ ಬದಲಿಸಲಾಗದು, ಮಾಲೀಕರನ್ನಂತೂ ಮುಟ್ಟಲೂ ಆಗದು. ಸೋಮವಾರದೊಳಗೆ ಬದಲಾಗಬಲ್ಲ ವಸ್ತು ಕ್ಲಬ್ಬಿನಲ್ಲಿ ಒಂದೇ.

ಇದೆಲ್ಲ ಏಳೆಂಟು ಸಾವಿರ ಕಿಲೋಮೀಟರ್ ಆಚೆಯ ಮಾತು. ಸೈಮನ್ ಗ್ರೇಸನ್ ವಿಷಯ ಹಾಗಲ್ಲ. ಅವರು ನಿಂತಿದ್ದದ್ದು ನನ್ನ ಕಣ್ಣೆದುರಿಗೆ, ಕಂಠೀರವದಲ್ಲಿ.

ಗ್ರೇಸನ್ ಮೇಲೆ ನನಗೊಂದು ಹಳೆಯ ದ್ವೇಷವಿತ್ತು. 2010ರ ಜನವರಿಯಲ್ಲಿ, ಇಂಗ್ಲೆಂಡಿನ ಮೂರನೆಯ ದರ್ಜೆಯಲ್ಲಿ ಆಡುತ್ತಿದ್ದ ಲೀಡ್ಸ್ ತಂಡವನ್ನು ಓಲ್ಡ್ ಟ್ರಾಫರ್ಡ್‌ಗೆ ಕರೆತಂದು ಎಫ್‌ಎ ಕಪ್‌ನಿಂದ ಯುನೈಟೆಡ್‌ನ್ನು ಹೊರಹಾಕಿದವರು ಅವರೇ. ಫರ್ಗುಸನ್ ಕಾಲದಲ್ಲಿ ಯುನೈಟೆಡ್ ಮೂರನೆಯ ಸುತ್ತಿನಲ್ಲೇ ಸೋತದ್ದು ಅದೊಂದೇ ಸಲ. ಅಂಥವರು 2022ರಲ್ಲಿ ಬೆಂಗಳೂರು ಎಫ್‌ಸಿ ಕೋಚ್ ಆಗಿ ಬಂದರೆ ಹೂವಿನ ಹಾರ ಹಾಕುವುದು ಹೇಗೆ? ಅವರು ಮಾತ್ರ ಬಂದ ಕೆಲವೇ ತಿಂಗಳಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು ಸೋಲಿಸಿ ಡುರಾಂಡ್ ಕಪ್ ತಂದರು. ಇಂಡಿಯನ್ ಸೂಪರ್ ಲೀಗಿನಲ್ಲಿ ಕೆಳಗೆ ಬಿದ್ದಿದ್ದ ತಂಡ ಸಾಲಾಗಿ ಎಂಟು ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಅಲ್ಲಿ ಸುನಿಲ್ ಚೆಟ್ರಿ ಫ್ರೀಕಿಕ್ಕನ್ನು ಸರಕ್ಕನೆ ಹೊಡೆದು ಗೋಲು ಮಾಡಿದ್ದೂ, ಕೇರಳ ಬ್ಲಾಸ್ಟರ್ಸ್ ತಂಡ ಅದನ್ನೊಪ್ಪದೆ ಮೈದಾನ ಬಿಟ್ಟು ಹೋದದ್ದೂ ಎಲ್ಲರಿಗೂ ಗೊತ್ತು. ಗೋವಾದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು 2-2, ಪೆನಾಲ್ಟಿಯಲ್ಲಿ ಸೋಲು. ಸೂಪರ್ ಕಪ್‌ನಲ್ಲೂ ಫೈನಲ್, ಅಲ್ಲೂ ಸೋಲು. ಒಂದೇ ಋತುವಿನಲ್ಲಿ ಮೂರು ಫೈನಲ್. ನಾನು ಲೀಡ್ಸ್ ಲೆಕ್ಕವನ್ನು ಚುಕ್ತಾ ಮಾಡಿ, ಕೊಂಚ ಮುಂಗಡವನ್ನೂ ಕೊಟ್ಟೆ.

ಮರುವರ್ಷ ಎಲ್ಲ ಎಡವಟ್ಟಾಯಿತು. ಒಂಬತ್ತು ಪಂದ್ಯಗಳಲ್ಲಿ ಗೆದ್ದದ್ದು ಒಂದು. ನನ್ನ ಪಕ್ಕದಲ್ಲಿ ಆಸ್ಟಿನ್ ಟೌನಿನ ಹಿರಿಯರೊಬ್ಬರು ಕೂರುತ್ತಿದ್ದರು. ಐಟಿಐ, ಎಚ್‌ಎಎಲ್ ತಂಡಗಳ ಕಾಲದಿಂದ ಆಟ ನೋಡಿದವರು, ಗೋಲಾದರೂ ಎದ್ದು ನಿಲ್ಲದವರು. “ಕೋಚ್ ಬದಲಾಗಬೇಕು ಸರ್” ಎಂದೆ. “ಬದಲಾಯಿಸಲಿ. ಆದರೆ ದಿನಸಿ ತರದೆ ಅಡುಗೆಯವರನ್ನು ಬೈದರೆ ಸಾರು ಕುದಿಯುತ್ತದೆಯೇ?” ಎಂದರು. ರಾಯ್ ಕೃಷ್ಣ ಒಡಿಶಾಕ್ಕೆ ಹೋಗಿದ್ದರು, ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ. ಅವರನ್ನೆಲ್ಲ ಬಿಟ್ಟುಕೊಟ್ಟ ಕಚೇರಿಯ ಬಾಗಿಲಿಗೆ ಹೋಗಿ ಕೂಗಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ಆ ಕಚೇರಿ ಎಲ್ಲಿದೆಯೋ. ಗ್ರೇಸನ್ ಎಲ್ಲಿದ್ದಾರೆಂದು ಮಾತ್ರ ಹದಿನೈದು ಸಾವಿರ ಜನಕ್ಕೂ ಕಾಣುತ್ತಿತ್ತು.

2023ರ ಡಿಸೆಂಬರ್ 8, ಶುಕ್ರವಾರ. ಎದುರಾಳಿ ಮುಂಬೈ ಸಿಟಿ. ಕಂಠೀರವದಲ್ಲಿ ಸ್ಟ್ಯಾಂಡಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಇಂಗ್ಲೆಂಡಿನ ಹಾಗೆ ಕೋಚ್‌ನ ಕಿವಿಗೇ ಬಾಯಿಟ್ಟು ಬಯ್ಯಲಾಗದು. ಮೂರನೆಯ ಗೋಲಿಗೆ ಮಕ್ಕಳೊಂದಿಗೆ ಬಂದ ಕುಟುಂಬಗಳು ಎದ್ದವು. ಟ್ರಾಫಿಕ್ ಎಂಬ ನೆಪ ಬೆಂಗಳೂರಿನಲ್ಲಿ ಎಂಥ ಸೋಲಿಗೂ ಒದಗಿ ಬರುತ್ತದೆ. ನಾಲ್ಕನೆಯದಕ್ಕೆ ನಮ್ಮ ಸಾಲಿನ ಹುಡುಗನೊಬ್ಬ ನೀಲಿ ಸ್ಕಾರ್ಫನ್ನು ಬಿಚ್ಚಿ, ನೀಟಾಗಿ ನಾಲ್ಕು ಮಡಿಕೆ ಮಾಡಿ, ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆದ. ಎಸೆದಿದ್ದರೆ ಕೋಪ ಎನ್ನಬಹುದಿತ್ತು. ಇತ್ತ ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರ ಹಾಡು ಮಾತ್ರ ನಿಲ್ಲಲೇ ಇಲ್ಲ. 0-4. ಗೆರೆಯ ಬಳಿ ನಿಂತಿದ್ದ ಗ್ರೇಸನ್‌ರನ್ನು ನೋಡಿ ಆದೇಶ ಹೊರಡಿಸಲು ಬಾಯಿ ತೆರೆದೆ. ಹೊರಡಲಿಲ್ಲ. ಟಿವಿಯಲ್ಲಿ ಕಾಣುವ ಮ್ಯಾನೇಜರ್ ಒಂದು ಮುಖ, ಅಷ್ಟೇ. ಇಲ್ಲಿ ಕಾಣುತ್ತಿದ್ದದ್ದು ಒಬ್ಬಂಟಿಯಾಗಿ ನಿಂತ ಐವತ್ತು ದಾಟಿದ ಮನುಷ್ಯನ ಬೆನ್ನು.

ಮರುದಿನ ಕ್ಲಬ್ ಅವರನ್ನು ಬಿಡುಗಡೆ ಮಾಡಿತು. ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಣಿಯುವಂತೆ ಆಗಲಿಲ್ಲ. ಡಿಸೆಂಬರ್ ನಡುವೆ ಸಾಮಾನು ಕಟ್ಟಬೇಕು, ಬಾಡಿಗೆ ಮನೆ ಅವರ ಹೆಸರಿನಲ್ಲಿದ್ದರೆ ಅಡ್ವಾನ್ಸ್ ವಾಪಸು ಕೇಳಬೇಕು. ಬೆಂಗಳೂರಿನಲ್ಲಿ ಅದು ಲೀಡ್ಸ್‌ನಿಂದ ಬಂದವರಿಗೂ ಸುಲಭವಲ್ಲ. ಇಂಥದ್ದು ಅವರಿಗೆ ಹೊಸದೇನೂ ಅಲ್ಲ ಎಂಬುದೊಂದೇ ಸಮಾಧಾನ. 2017ರಲ್ಲಿ ಸಂಡರ್‌ಲ್ಯಾಂಡ್ ತಂಡ ಬೋಲ್ಟನ್ ಎದುರು 3-3 ಡ್ರಾ ಮಾಡಿಕೊಂಡಾಗ, ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಅವರಿಗೆ ಗೇಟ್‌ಪಾಸ್ ಸಿಕ್ಕಿತ್ತು. ಈ ಅವಸರ ನನಗೆ ಹಿಡಿಸುವುದಿಲ್ಲ. ತೆಗೆಯಿರಿ, ಬೇಡವೆನ್ನುವುದಿಲ್ಲ, ಮನುಷ್ಯ ಸ್ನಾನ ಮಾಡಿ ಮನೆ ಸೇರಿ ಎರಡು ತುತ್ತು ತಿನ್ನುವವರೆಗಾದರೂ ತಡೆಯಿರಿ. ಅಪ್ಪನ ಇಲಾಖಾ ವಿಚಾರಣೆಯಷ್ಟು ಉದ್ದ ಬೇಡ, ಒಂದು ರಾತ್ರಿ ಸಾಕು.

ಹೋದವರು ಕೆಟ್ಟೇ ಹೋಗುತ್ತಾರೆಂದೂ ಇಲ್ಲ. 2023ರ ಜೂನ್‌ನಲ್ಲಿ ಪ್ರಾಗ್‌ನಲ್ಲಿ ಮೋಯ್ಸ್ ಕೈಕೆಳಗಿನ ವೆಸ್ಟ್ ಹ್ಯಾಮ್ ಯುರೋಪಿನ ಕಾನ್ಫರೆನ್ಸ್ ಲೀಗ್ ಗೆದ್ದಿತು. ಕೊನೆಯ ನಿಮಿಷದ ಗೋಲಿಗೆ ಅರವತ್ತು ವರ್ಷದ ಮೋಯ್ಸ್ ಗೆರೆಯುದ್ದಕ್ಕೂ ಓಡಿದರು. ಆಮೇಲೆ ತಮ್ಮ ಪದಕವನ್ನು ವಯಸ್ಸಾದ ತಂದೆಯ ಕೊರಳಿಗೆ ಹಾಕಿದರು. ನಮ್ಮ ಅಪ್ಪನಿಗೆ ಆ ಚಿತ್ರ ತೋರಿಸಿದೆ. “ಇವರೇ ಅಲ್ಲವೇ, ನೋಟಿಸ್ ಕೊಡದೆ ತೆಗೆದದ್ದು?” ಎಂದರು. ಇನ್ನು ಗೆದ್ದರೆ ಉಳಿಯುತ್ತಾರೆ ಎನ್ನಲೂ ಧೈರ್ಯವಿಲ್ಲ. 2025ರ ಮೇನಲ್ಲಿ ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟನ್‌ಹ್ಯಾಮ್ ನಮ್ಮ ಯುನೈಟೆಡ್‌ನ್ನು ಸೋಲಿಸಿತು. ಹದಿನೇಳು ವರ್ಷದ ಬಳಿಕ ಪ್ರಶಸ್ತಿ ತಂದುಕೊಟ್ಟ ಆಂಜ್ ಪೋಸ್ಟೆಕೊಗ್ಲು ಅವರನ್ನು ಹದಿನಾರನೆಯ ದಿನ ಟಾಟನ್‌ಹ್ಯಾಮ್ ತೆಗೆದುಹಾಕಿತು. ಲೀಗಿನಲ್ಲಿ ಹದಿನೇಳನೆಯ ಸ್ಥಾನ ಎಂಬ ಕಾರಣಕ್ಕೆ. ಸೋತ ಯುನೈಟೆಡ್‌ನ ಮ್ಯಾನೇಜರ್ ರೂಬೆನ್ ಅಮೋರಿಮ್ ಬೇಸಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದರು.

ಬೆಂಗಳೂರಿಗೆ ಗ್ರೇಸನ್ ನಂತರ ಬಂದವರು ಸ್ಪೇನಿನ ಜೆರಾರ್ಡ್ ಜರಗೋಜಾ. ಆ ವರ್ಷ ತಂಡ ಹತ್ತನೆಯ ಸ್ಥಾನಕ್ಕೆ ತೃಪ್ತಿಪಟ್ಟಿತು. ನಡುವೆ ಬಂದವರಲ್ಲವೇ ಎಂದು ಯಾರೂ ಸದ್ದೆತ್ತಲಿಲ್ಲ. ಮುಂದಿನ ವರ್ಷ ಮತ್ತೆ ಫೈನಲ್, ಕೋಲ್ಕತ್ತದಲ್ಲಿ, ಮತ್ತೆ ಮೋಹನ್ ಬಾಗಾನ್ ಎದುರು. ಅವರದೇ ಆಟಗಾರನ ಸ್ವಂತ ಗೋಲಿನಿಂದ ನಾವು ಮುಂದಾದಾಗ ಜರಗೋಜಾ ಅವರಂಥ ಚತುರ ಭೂಮಿಯ ಮೇಲಿಲ್ಲ ಎಂದು ನಾನು ಮನೆಯಲ್ಲಿ ಸಾರಿದೆ. ಪೆನಾಲ್ಟಿಯಿಂದ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಜೇಮಿ ಮೆಕ್ಲಾರೆನ್ ಹೊಡೆದ ಗೋಲು 2-1 ಮಾಡಿತು.

“ಬದಲಾವಣೆ ಮೊದಲೇ ಮಾಡಬೇಕಿತ್ತು” ಎಂದೆ.

“ಯಾರದ್ದು?” ಎಂದು ಅಪ್ಪ ಕೇಳಿದರು. ಆಟಗಾರನದ್ದೋ ಕೋಚ್‌ನದ್ದೋ ನಾನೂ ಇನ್ನೂ ಯೋಚಿಸಿರಲಿಲ್ಲ.