ಪಿನ್ನು ಕೂತರೆ ಸಾಲದು

ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ವಾರಸುದಾರರಿಲ್ಲದ ಅಡಾಪ್ಟರ್‌ಗಳ ಒಂದು ಡಬ್ಬ ಇರುತ್ತದೆ. ವೈಫೈ ರೌಟರಿನ ಅಡಾಪ್ಟರ್ ಸುಟ್ಟ ದಿನ ಅದು ಅಟ್ಟದಿಂದ ಇಳಿಯುತ್ತದೆ. ಒಂದೊಂದನ್ನೇ ಚುಚ್ಚಿ ನೋಡಿ, ಸಲೀಸಾಗಿ ಕೂತದ್ದೇ ಸರಿ ಅನ್ನುವುದು ನಮ್ಮ ನ್ಯಾಯ. ಬರೀ ಮುಖ ನೋಡಿ ಹೆಣ್ಣು ಒಪ್ಪಿಕೊಂಡ ಹಾಗೆ; ಜಾತಕ ಇರುವುದು ಬೆನ್ನಿನ ಚೀಟಿಯಲ್ಲಿ, ಇರುವೆಸಾಲಿನಂಥ ಅಕ್ಷರಗಳಲ್ಲಿ. 5.5 ಮಿಲಿಮೀಟರ್ ದಪ್ಪದ ಅದೇ ಕೊಳವೆ ಪಿನ್ನು 5 ವೋಲ್ಟಿನದಕ್ಕೂ ಇದೆ, 12ರದಕ್ಕೂ ಇದೆ, 24ರದಕ್ಕೂ ಇದೆ.

ವೋಲ್ಟ್ ಮಾತ್ರ ರಾಜಿಯಿಲ್ಲದ ಗುಣ. 12 ವೋಲ್ಟಿನ ರೌಟರಿಗೆ 9 ಕೊಟ್ಟರೆ ದೀಪವೇನೋ ಉರಿಯಬಹುದು, ಕೆಲಸ ಜೋರಾದಾಗ ಕುಸಿದು ಮತ್ತೆ ಮೊದಲಿಂದ ಶುರು. 24 ಕೊಟ್ಟರೆ ಅಷ್ಟೂ ಇಲ್ಲ. ರೌಟರಿನ ಬಾಗಿಲಲ್ಲೇ ಕೂತ, ಕರೆಂಟು ಹಿಡಿದಿಡುವ ಕೆಪಾಸಿಟರ್ ಬಹಳ ಕಡೆ 16 ವೋಲ್ಟ್ ತಡೆಯುವಂಥದ್ದು, ಉಬ್ಬಿ ಒಡೆಯುತ್ತದೆ. ಆಂಪಿನ ಲೆಕ್ಕ ಬೇರೆ. 1 ಆಂಪ್ ಕೇಳುವ ಸಾಧನಕ್ಕೆ 2 ಆಂಪಿನದು ಹಾಕಿದರೆ ಹೆದರಬೇಕಿಲ್ಲ, ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಅರ್ಧ ಆಂಪಿನದು ಹಾಕಿದರೆ ಕಾದು ಬೇಯುವುದು ಅಡಾಪ್ಟರ್.

ಇನ್ನು ಪ್ಲಸ್ಸು ಮೈನಸ್ಸು. ಚೀಟಿಯಲ್ಲಿ ಒಂದು ಚುಕ್ಕಿ, ಅದನ್ನು ಬಳಸಿದ ಅರೆವೃತ್ತ, ಎರಡು ಬದಿಗೆ ಎರಡು ಚಿಹ್ನೆ. ಚುಕ್ಕಿಗೆ ತಗುಲಿದ ಚಿಹ್ನೆ ಯಾವುದೋ ಪಿನ್ನಿನ ಒಳಗಿರುವುದು ಅದೇ. ರೌಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ಗಿಟಾರ್ ಪೆಡಲ್‌ಗಳ 9 ವೋಲ್ಟಿನಲ್ಲಿ ಬಹುಪಾಲು ನಡುವೆ ಮೈನಸ್. ಚೀಟಿ ಅಳಿಸಿದ್ದರೆ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿ ರಂಧ್ರದೊಳಗೆ, ಕಪ್ಪು ಹೊರಮೈಗೆ. ಅಂಕಿಯ ಮುಂದೆ ಗೀಟು ಬಂದರೆ ತಿರುವುಮುರುವು, ನಡುವೆ ಮೈನಸ್ ಎಂದರ್ಥ. ಇಟ್ಟಿಗೆಯಂತೆ ಭಾರವಿರುವ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ 12 ಎಂದು ಬರೆದುಕೊಂಡು 16–17 ತೋರಿಸಿದರೆ ಮೀಟರನ್ನು ಬೈಯಬೇಡಿ. ಹೊರೆಯಿಲ್ಲದಾಗ ಅದರ ಸ್ವಭಾವವೇ ಹಾಗೆ. ಸೂಕ್ಷ್ಮ ಸಾಧನಗಳಿಂದ ಅದನ್ನು ದೂರವಿಡಿ.

ಪಿನ್ನಿನ ಒಳರಂಧ್ರದಲ್ಲೂ 2.1 ಮತ್ತು 2.5 ಮಿಲಿಮೀಟರ್ ಎಂಬ ಎರಡು ಅಳತೆ. ರೌಟರಿನ ಕಿಂಡಿಯೊಳಗಿನ 2.1ರ ಕಡ್ಡಿಗೆ 2.5ರ ಪಿನ್ನು ಹೋಗುತ್ತದೆ, ಆದರೆ ಸಡಿಲ. ಬೆಕ್ಕು ವೈರು ತಾಕಿದರೂ ನೆಟ್ ಹೋಗುತ್ತದೆ, ಬೈಗುಳ ಇಂಟರ್‌ನೆಟ್ ಕಂಪನಿಗೆ! ಆದ್ದರಿಂದ ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ “12 ವೋಲ್ಟಿಂದು ಕೊಡಿ” ಅಂದರೆ ಸಾಲದು. 12 ವೋಲ್ಟ್ ಡಿಸಿ, 2 ಆಂಪ್, 5.5–2.1 ಪಿನ್ನು, ನಡುವೆ ಪ್ಲಸ್ ಎಂದು ಪೂರ್ತಿ ಹೇಳಬೇಕು.

ಅಗ್ಗದ್ದರಲ್ಲಿ ನಿಜವಾದ ಅಪಾಯ ಕಣ್ಣಿಗೆ ಕಾಣದು. ಗೋಡೆಯ 230 ವೋಲ್ಟಿಗೂ ನಮ್ಮ 12 ವೋಲ್ಟಿಗೂ ನಡುವೆ ಇರುವುದು ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಮತ್ತು ವೈ ದರ್ಜೆಯ, ಅಂದರೆ ಕೆಟ್ಟರೂ ಶಾರ್ಟ್ ಆಗದಂತೆ ಮಾಡಿದ, ಒಂದು ಪುಟ್ಟ ಕೆಪಾಸಿಟರ್. ಅಲ್ಲಿ ಮಾಮೂಲಿಯದನ್ನು ಹಾಕಿ ಒಂದೆರಡು ರೂಪಾಯಿ ಉಳಿಸಿದ್ದರೆ, ಅದು ಶಾರ್ಟ್ ಆದ ದಿನ ಗೋಡೆಯ ಕರೆಂಟು ಪಿನ್ನಿನವರೆಗೂ ಬರುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರೀಕ್ಷಿಸಿ. ಗುರುತನ್ನು ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ.

ಕರೆಂಟು ಹೋದಾಗ ಪವರ್ ಬ್ಯಾಂಕಿನ 5 ವೋಲ್ಟನ್ನು 12 ಮಾಡಿಕೊಡುವ ಕೇಬಲ್ ಈಗ ಸಿಗುತ್ತದೆ. 12 ವೋಲ್ಟ್ 1 ಆಂಪ್ ಬೇಕಾದರೆ, ಸೋರಿಕೆ ಸೇರಿ, ಆ ಕಡೆಯಿಂದ ಸುಮಾರು 2.7 ಆಂಪ್ ಹೊರಡಬೇಕು, ಪವರ್ ಬ್ಯಾಂಕಿನ 2.1 ಆಂಪಿನ ಕಿಂಡಿಗೆ ಅದು ಮೀರಿದ್ದು. ಆದರೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ, ಏಕೆಂದರೆ ರೌಟರ್ ತನ್ನ ಚೀಟಿಯಲ್ಲಿ ಬರೆದಷ್ಟನ್ನು ಸದಾ ಎಳೆಯುವುದಿಲ್ಲ.